ಮೂರು ಅಲಗು, ಎರಡು ಸ್ಪ್ರಿಂಗ್: ಕೇಸ್ ಕಂಪನಿಯ ಮಧ್ಯಮ ಸ್ಟಾಕ್‌ಮನ್ ಜೇಬುಚಾಕು

ಮಡಚಿದಾಗ 3 5/8 ಇಂಚು, ಅಂದರೆ ಸುಮಾರು 9.2 ಸೆಂ.ಮೀ. ಉದ್ದ. ತೂಕ 70 ಗ್ರಾಂ ಆಸುಪಾಸು. ಅಷ್ಟೇ ಜಾಗದಲ್ಲಿ ಮೂರು ಅಲಗು ಒಂದಕ್ಕೊಂದು ತಾಗದಂತೆ ಮಲಗಿರಬೇಕು, ಬೇಕೆಂದಾಗ ಉಗುರಿಗೆ ಸಿಗಬೇಕು, ತೆರೆದಾಗ ಅಲುಗಾಡದೆ ನಿಲ್ಲಬೇಕು. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಬ್ರಾಡ್‌ಫರ್ಡ್ ಊರಿನಲ್ಲಿ ಡಬ್ಲ್ಯು. ಆರ್. ಕೇಸ್ ಅಂಡ್ ಸನ್ಸ್ ತಯಾರಿಸುವ ಮಧ್ಯಮ ಗಾತ್ರದ ಸ್ಟಾಕ್‌ಮನ್ ಈ ಮೂರನ್ನೂ ದಶಕಗಳಿಂದ ಮಾಡಿಕೊಂಡು ಬಂದಿದೆ. ಇದು ಮುಖ್ಯವಾಗಿ ಎರಡು ರೂಪದಲ್ಲಿ ಸಿಗುತ್ತದೆ: ಹಳದಿ ಸಿಂಥೆಟಿಕ್ ಹಿಡಿಯ 3318 ಮತ್ತು ಕೆತ್ತನೆಯ ಮೂಳೆ ಹಿಡಿಯ 6318. ದಿನವೂ ಜೇಬಿನಲ್ಲಿಟ್ಟು ಬಳಸುವವರಿಗೆ ಸಿವಿ ಎಂಬ ಇಂಗಾಲದ ಉಕ್ಕಿನ ಹಳದಿ 3318 ಸರಿಯಾದ ಆಯ್ಕೆ. ಮೂಳೆಯದು ಹೆಚ್ಚು ಚೆಲುವಾದದ್ದು, ಸಂಗ್ರಹಿಸಲು ಹೆಚ್ಚು ಆಸಕ್ತಿಕರವಾದದ್ದು, ಆದರೆ ಹೆಚ್ಚು ಆರೈಕೆ ಕೇಳುವಂಥದ್ದು. ಎರಡರಲ್ಲಿ ಯಾವುದನ್ನು ಕೊಂಡರೂ ಹಿಡಿಯ ಬಣ್ಣಕ್ಕಿಂತ ಮೊದಲು ಕೀಲನ್ನು ನೋಡಬೇಕು. ಹಿಡಿ ಎಷ್ಟೇ ಚೆಂದವಿದ್ದರೂ ಕೀಲು ಕೆಟ್ಟಿದ್ದರೆ ಆ ಚಾಕು ಕೈಗೆ ಒಗ್ಗುವುದಿಲ್ಲ.

ಆ ಅಂಕಿಗಳಲ್ಲೇ ಚಾಕುವಿನ ಜಾತಕವಿದೆ. ಮೊದಲ ಅಂಕಿ ಹಿಡಿ ಯಾವುದರದ್ದು ಎಂದು ಹೇಳುತ್ತದೆ: 3 ಎಂದರೆ ಹಳದಿ ಸಿಂಥೆಟಿಕ್, 5 ಎಂದರೆ ಜಿಂಕೆಯ ಕೊಂಬು, 6 ಎಂದರೆ ಕೆತ್ತನೆಯ ಮೂಳೆ. ಎರಡನೆಯದು ಅಲಗುಗಳ ಸಂಖ್ಯೆ. ಉಳಿದದ್ದು ಮಾದರಿಯ ಸಂಖ್ಯೆ. ಹಾಗಾಗಿ 6318 ಎಂದರೆ ಮೂಳೆ ಹಿಡಿ, ಮೂರು ಅಲಗು, 18ನೇ ಮಾದರಿ. ಇದೇ ಕಂಪನಿಯ ಎರಡಲಗಿನ ಟ್ರ್ಯಾಪರ್ ಮಾದರಿ 6254, ಅಂಗೈಯಲ್ಲಿ ಅಡಗುವ ಪೀನಟ್ ಮಾದರಿ 6220. ಈ ಲೆಕ್ಕ ತಿಳಿದಿದ್ದರೆ ಹಳೆಯ ಚಾಕು ಕೊಳ್ಳುವಾಗ ಒಂದು ಮೋಸ ಕೂಡಲೇ ಸಿಕ್ಕಿಬೀಳುತ್ತದೆ: ಅಲಗಿನ ಬುಡದಲ್ಲಿ 6ರಿಂದ ಶುರುವಾಗುವ ಸಂಖ್ಯೆಯಿದ್ದು ಹಿಡಿ ಹಳದಿ ಸಿಂಥೆಟಿಕ್ ಆಗಿದ್ದರೆ, ಆ ಹಿಡಿ ಆ ಚಾಕುವಿನ ಜೊತೆ ಹುಟ್ಟಿದ್ದಲ್ಲ.

ಸ್ಟಾಕ್‌ಮನ್ ಎಂದರೆ ದನಕರು ಸಾಕುವವನು. 19ನೇ ಶತಮಾನದ ಕೊನೆಯ ಭಾಗದಲ್ಲಿ ಅಮೆರಿಕದ ದನಗಾಹಿಗಳಿಗಾಗಿ ರೂಪುಗೊಂಡ ಮಾದರಿ ಇದು, ಮೂರು ಅಲಗುಗಳ ಆಕಾರವೂ ಆ ಕೆಲಸದಿಂದಲೇ ಬಂದದ್ದು. ದೊಡ್ಡದು ಕ್ಲಿಪ್: ಸುಮಾರು 6.5 ಸೆಂ.ಮೀ., ಮೊನೆಯ ಹತ್ತಿರ ಬೆನ್ನನ್ನು ಕಚ್ಚಿ ತೆಗೆದಂತೆ ತಗ್ಗಿಸಿರುವುದರಿಂದ ತುದಿ ಸೂಜಿಯಂತೆ ಸಣ್ಣಗಿರುತ್ತದೆ. ಎರಡನೆಯದು ಶೀಪ್‌ಫುಟ್: ಅಂಚು ಅಳತೆಪಟ್ಟಿಯಷ್ಟು ನೇರ, ಬೆನ್ನು ಬಾಗಿ ಬಂದು ಅಂಚನ್ನು ಕೂಡುತ್ತದೆ. ಕುರಿಯ ಗೊರಸು ಹೆರೆಯುವ ಕೆಲಸದಿಂದ ಇದಕ್ಕೆ ಈ ಹೆಸರು. ಮೂರನೆಯದು ಸ್ಪೇ: ಗಿಡ್ಡ, ಮೊಂಡು ಮೊನೆ, ದುಂಡಗೆ ಬಾಗಿದ ಅಂಚು. ಹೋರಿಕರುಗಳ ಬೀಜ ತೆಗೆಯುವಾಗ ಕರು ಒದ್ದಾಡಿದರೂ ಮೊನೆ ಬೇರೆಡೆ ಚುಚ್ಚಿಕೊಳ್ಳಬಾರದೆಂದೇ ಅದರ ತುದಿಯನ್ನು ಹಾಗೆ ಮಾಡಿದ್ದು. ಕೆಲವು ಕಂಪನಿಗಳು ಈ ಅಲಗಿನ ಮೇಲೆ ‘ಮಾಂಸಕ್ಕೆ ಮಾತ್ರ’ ಎಂಬ ಅರ್ಥದ ಇಂಗ್ಲಿಷ್ ಮುದ್ರೆಯನ್ನೇ ಒತ್ತುತ್ತಿದ್ದವು. ಹಗ್ಗ, ತಂತಿ, ಮರವನ್ನು ಬೇರೆ ಅಲಗಿಗೆ ಬಿಟ್ಟು ಇದನ್ನು ಕ್ಷೌರದ ಕತ್ತಿಯಂತೆ ಹರಿತವಾಗಿಡು ಎಂಬ ಸೂಚನೆ ಅದು.

ದನ ಸಾಕದವರಿಗೂ ಈ ಹಂಚಿಕೆ ಬಹಳ ಉಪಯುಕ್ತ. ಕ್ಲಿಪ್ ಹಣ್ಣಿಗೆ, ಆಹಾರಕ್ಕೆ. ಶೀಪ್‌ಫುಟ್ ಪಾರ್ಸೆಲ್ ಟೇಪು, ರಟ್ಟು, ಸೆಣಬಿನ ಹುರಿ, ಪೆನ್ಸಿಲ್‌ಗೆ. ಅಂಚು ನೇರವಾಗಿರುವುದರಿಂದ ಮೇಜಿನ ಮೇಲೆ ಪೂರ್ತಿ ಕೂರುತ್ತದೆ, ಕಾಗದವನ್ನು ಸ್ಕೇಲ್ ಹಿಡಿದು ಕತ್ತರಿಸಲು ಇದಕ್ಕಿಂತ ಒಳ್ಳೆಯ ಜೇಬಿನ ಸಾಧನವಿಲ್ಲ. ತೋಟದಲ್ಲಿ ಕಸಿ ಕಟ್ಟಲು ಇದೇ ಸಾಕೇ ಎಂದು ಕೇಳುವವರಿದ್ದಾರೆ. ಕುಡಿಕಡ್ಡಿ ಕೊಯ್ಯಲು ಸಾಕು. ಆದರೆ ಕಸಿಯ ಓರೆಗಾಯ ಸಪಾಟಾಗಿರಬೇಕು. ಕಸಿಚಾಕು ಒಂದೇ ಬದಿಗೆ ಮಸೆದದ್ದು, ಅದಕ್ಕೇ ನೇರ ಹೋಗುತ್ತದೆ. ಈ ಅಲಗು ಎರಡೂ ಬದಿಗೆ ಮಸೆದದ್ದಾದ್ದರಿಂದ ಮರದೊಳಗೆ ಸ್ವಲ್ಪ ಬಾಗಿಕೊಂಡು ಹೋಗಿ ಗಾಯ ಬಟ್ಟಲಿನಂತಾಗುತ್ತದೆ. ಸ್ಪೇ ಅಲಗನ್ನು ಮುಟ್ಟದೆ ಮೀಸಲಿಡುವುದೇ ಒಳ್ಳೆಯದು. ಕಾಲಿಗೆ ನೆಟ್ಟ ಮುಳ್ಳಿನ ಸುತ್ತ ಸತ್ತ ಚರ್ಮ ಬಿಡಿಸಲು, ಬ್ಯಾಂಡೇಜ್ ಅಡಿ ಹಾಕಿ ಬಿಚ್ಚಲು, ಪತ್ರದ ಲಕೋಟೆ ಒಡೆಯಲು ಆ ಮೊಂಡು ಮೊನೆ ನಿರಪಾಯ. ಒಂದೇ ಅಲಗಿನ ದೊಡ್ಡ ಚಾಕುವಿಗಿಂತ ಈ ಮಾದರಿ ನಿಜವಾಗಿ ಮೇಲಾಗುವುದು ಇಲ್ಲೇ: ಟೇಪಿನ ಅಂಟು ಹತ್ತಿದ ಅಲಗಿನಿಂದ ಮಾವು ಹೆಚ್ಚುವ ಪ್ರಮೇಯ ಬರುವುದಿಲ್ಲ, ಒಂದು ಅಲಗು ಮೊಂಡಾದರೆ ಇನ್ನೆರಡು ಇರುತ್ತವೆ.

ಈಗ ಕೀಲಿನ ಮಾತು. ಇಂಥ ಚಾಕುಗಳಲ್ಲಿ ಬೀಗವಿಲ್ಲ. ಬೆನ್ನಿನುದ್ದಕ್ಕೂ ಇರುವ ಉಕ್ಕಿನ ಪಟ್ಟಿಯೇ ಸ್ಪ್ರಿಂಗ್. ಅದು ಅಲಗಿನ ಬುಡದ ಮೇಲೆ ಒತ್ತಿ ಕೂತು, ತೆರೆದಾಗ ತೆರೆದೂ ಮುಚ್ಚಿದಾಗ ಮುಚ್ಚಿಯೂ ಇರುವಂತೆ ಹಿಡಿಯುತ್ತದೆ. ಮಧ್ಯಮ ಸ್ಟಾಕ್‌ಮನ್‌ನಲ್ಲಿ ಅಲಗು ಮೂರು, ಸ್ಪ್ರಿಂಗ್ ಎರಡೇ. ಒಂದು ಕೊನೆಯಲ್ಲಿ ಕ್ಲಿಪ್, ಇನ್ನೊಂದು ಕೊನೆಯಲ್ಲಿ ಗಿಡ್ಡ ಅಲಗುಗಳೆರಡು. ಅಂದರೆ ಒಂದು ಸ್ಪ್ರಿಂಗ್ ಎರಡೂ ಕೊನೆಯಲ್ಲಿ ದುಡಿಯಬೇಕು. ಮೂರು ಅಲಗಿಗೆ ಮೂರು ಸ್ಪ್ರಿಂಗ್ ಕೊಟ್ಟರೆ ಚಾಕು ಇಟ್ಟಿಗೆಯಷ್ಟು ದಪ್ಪವಾಗುತ್ತದೆ. ಎರಡರಲ್ಲಿ ಮುಗಿಸಬೇಕಾದರೆ ಅಲಗುಗಳನ್ನು ಬುಡದ ಹತ್ತಿರ ಕೂದಲೆಳೆಯಷ್ಟು ಬಾಗಿಸಿ, ಮುಚ್ಚಿದಾಗ ಒಂದರ ಪಕ್ಕ ಒಂದು ಜಾರಿಹೋಗುವಂತೆ ಮಾಡಬೇಕು. ಇದನ್ನು ಕ್ರಿಂಕ್ ಮಾಡುವುದು ಎನ್ನುತ್ತಾರೆ. ಕೈಯಿಂದಲೇ ಆಗುವ ಕೆಲಸ, ಹಾಗಾಗಿ ಒಂದು ಚಾಕುವಿನಂತೆ ಇನ್ನೊಂದಿರುವುದಿಲ್ಲ. ತೆರೆದ ಅಲಗು ನೆಟ್ಟಗಿಲ್ಲದೆ ತುಸು ಓರೆಯಾಗಿ ಕಂಡರೆ ಅದು ದೋಷವಲ್ಲ. ಮುಚ್ಚುವಾಗ ಪಕ್ಕದ ಅಲಗಿನ ಮೇಲೆ ಗೀರು ಬೀಳುತ್ತಿದ್ದರೆ ಅದು ದೋಷ.

ಹೊಸ ಚಾಕು ಕೈಗೆ ಬಂದಾಗ ನೋಡಬೇಕಾದದ್ದು ಹೀಗೆ. ಚಾಕುವನ್ನು ಮುಚ್ಚಿ, ಬೆನ್ನನ್ನು ಬೆಳಕಿನ ಎದುರು ಹಿಡಿಯಿರಿ. ಸ್ಪ್ರಿಂಗ್‌ಗೂ ಹಿತ್ತಾಳೆಯ ಲೈನರ್‌ಗೂ (ಹಿಡಿಯ ಒಳಮೈಗೆ ಹಾಕಿದ ತೆಳು ತಗಡು) ನಡುವೆ ಬೆಳಕು ತೂರಿದರೆ ಅಲ್ಲಿ ಸಂದಿಯಿದೆ, ಜೇಬಿನ ನೂಲುಹೊಟ್ಟು, ಬೆವರು ಅಲ್ಲಿಂದಲೇ ಒಳಗಿಳಿಯುತ್ತವೆ. ಬೆರಳ ತುದಿಯನ್ನು ಬೆನ್ನ ಮೇಲೆ ಎಳೆಯಿರಿ: ಮುಚ್ಚಿದಾಗಲೂ ತೆರೆದಾಗಲೂ ಸ್ಪ್ರಿಂಗ್ ಲೈನರ್‌ನೊಂದಿಗೆ ಸಮವಾಗಿದ್ದರೆ ಕೀಲಿನ ಕೆಲಸ ಅಚ್ಚುಕಟ್ಟು ಎಂದರ್ಥ. ಆಮೇಲೆ ಒಂದೊಂದೇ ಅಲಗು ತೆರೆದು, ಬೆನ್ನು ಮತ್ತು ಅಂಚನ್ನು ಬಿಟ್ಟು ಪಕ್ಕಗಳನ್ನು ಹಿಡಿದು, ಎಡಬಲಕ್ಕೂ ಮೇಲೆಕೆಳಗೂ ಮೆಲ್ಲಗೆ ಅಲುಗಿಸಿ. ಎಡಬಲದ ಚೂರು ಸಡಿಲ ಸಹಿಸಬಹುದು. ಮೇಲೆಕೆಳಗಿನ ಸಡಿಲ ಬುಡ ಮತ್ತು ಸ್ಪ್ರಿಂಗ್ ಸರಿಯಾಗಿ ಕೂಡಿಲ್ಲದ್ದನ್ನು ತೋರಿಸುತ್ತದೆ. ಅಂಥದ್ದನ್ನು ಹಿಂದಿರುಗಿಸಿ.

ತೆರೆಯಲು ಬೇಕಾಗುವ ಎಳೆತವನ್ನು ಚಾಕುಪ್ರಿಯರು 1ರಿಂದ 10ರವರೆಗೆ ಅಳೆಯುತ್ತಾರೆ. 5 ಅಥವಾ 6 ಹಿತ. 3ಕ್ಕಿಂತ ಕಡಿಮೆಯದು ಜೇಬಿನಲ್ಲೇ ಬಾಯಿ ಬಿಡಬಹುದು, 8ಕ್ಕೆ ಮೇಲಿನದು ಉಗುರು ಮುರಿಯುತ್ತದೆ. ಕ್ಲಿಪ್‌ನ ಎಳೆತಕ್ಕೂ ಗಿಡ್ಡ ಅಲಗುಗಳ ಎಳೆತಕ್ಕೂ ಒಂದೆರಡು ಅಂಕಿಯ ವ್ಯತ್ಯಾಸ ಸಹಜ. ಈ ಮಾದರಿಯಲ್ಲಿ ನಿಜವಾದ ತೊಡಕಿರುವುದು ಎಳೆತದಲ್ಲಲ್ಲ, ಉಗುರು ಸಿಗಿಸುವ ಗೀರಿನಲ್ಲಿ. ಗಿಡ್ಡ ಅಲಗುಗಳೆರಡು ತೀರಾ ಒತ್ತೊತ್ತಾಗಿ ನಿಂತಿರುವುದರಿಂದ ಒಳಗಿನದರ ಗೀರಿಗೆ ಉಗುರು ಪೂರ್ತಿ ಇಳಿಯುವುದಿಲ್ಲ. ಹೆಬ್ಬೆರಳು ಮತ್ತು ತೋರುಬೆರಳಿನಿಂದ ಚಿವುಟಿದಂತೆ ಹಿಡಿದು ಅರ್ಧ ಎತ್ತಿ, ಆಮೇಲೆ ತೆರೆಯಬೇಕು. ಎರಡು ದಿನದಲ್ಲಿ ಅಭ್ಯಾಸವಾಗುತ್ತದೆ, ಆದರೆ ಸ್ನಾನದ ನಂತರ ಉಗುರು ಮೆತ್ತಗಿರುವಾಗ ಕಷ್ಟವೇ. ಉಗುರು ಗಿಡ್ಡವಾಗಿ ಕತ್ತರಿಸಿಕೊಳ್ಳುವವರು ಕೊಳ್ಳುವ ಮೊದಲು ಇದನ್ನು ಯೋಚಿಸಬೇಕು.

ಅಲಗಿನ ಬುಡದ ಕೆಳಗೆ ಚಿಕ್ಕ ಉಬ್ಬೊಂದಿದೆ, ಹೆಸರು ಕಿಕ್. ಮುಚ್ಚಿದಾಗ ಅದು ಸ್ಪ್ರಿಂಗ್ ಮೇಲೆ ಕೂತು, ಹರಿತ ಅಂಚು ಸ್ಪ್ರಿಂಗ್‌ಗೆ ತಾಗದಂತೆ ಕಾಯುತ್ತದೆ. ಅಲಗನ್ನು ‘ಠಪ್’ ಎಂದು ಬಿಟ್ಟು ಮುಚ್ಚುವ ಅಭ್ಯಾಸವಿದ್ದರೆ, ಆ ರಭಸಕ್ಕೆ ಅಂಚು ಕಿಕ್ ಅನ್ನೂ ಮೀರಿ ಸ್ಪ್ರಿಂಗ್‌ಗೆ ಬಡಿಯಬಹುದು. ಒಂದು ಎಳೆ ಹೊಲಿಗೆ ದಾರವನ್ನು ಒಳಗಿನ ಕಾಲುವೆಯಲ್ಲಿ ಅಡ್ಡವಾಗಿಟ್ಟು ಅಲಗನ್ನು ತಾನಾಗಿ ಮುಚ್ಚಲು ಬಿಡಿ. ದಾರ ತುಂಡಾದರೆ ಅಂಚು ಬಡಿಯುತ್ತಿದೆ, ಅಂಚಿನ ನಡುವೆ ಒಂದು ಚಪ್ಪಟೆ ಚುಕ್ಕೆಯೂ ಕಾಣುತ್ತದೆ. ಇದಕ್ಕೆ ಪರಿಹಾರ ಅಲಗನ್ನು ಕೊನೆತನಕ ಬೆರಳಲ್ಲಿ ಹಿಡಿದೇ ಮುಚ್ಚುವುದು. ಮೊನೆ ಮೇಲೆದ್ದು ಕಾಣುತ್ತದೆಂದು ಕಿಕ್ ಅನ್ನು ಅರದಿಂದ ಉಜ್ಜುವವರಿದ್ದಾರೆ. ಒಂದೆರಡು ಎಳೆತ ಹೆಚ್ಚಾದರೂ ಅಂಚು ಶಾಶ್ವತವಾಗಿ ಸ್ಪ್ರಿಂಗ್ ಮೇಲೆ ಕೂರುತ್ತದೆ, ತೆಗೆದ ಉಕ್ಕನ್ನು ಮತ್ತೆ ಹಚ್ಚಲಾಗದು.

ಕೊಂಡ ದಿನವೇ ಕೀಲನ್ನು ತೊಳೆಯಬೇಕು. ಕಾರ್ಖಾನೆಯ ಪಾಲಿಶ್ ಮಣ್ಣು ಬುಡದ ಸುತ್ತ ಉಳಿದಿರುತ್ತದೆ, ಅದನ್ನು ಹಾಗೇ ಬಿಟ್ಟು ತೆರೆದು ಮುಚ್ಚಿದರೆ ಅದೇ ಮರಳುಕಾಗದದಂತೆ ಕೀಲನ್ನು ಸವೆಸುತ್ತದೆ. ಹಳದಿ ಹಿಡಿಯದಾದರೆ ಬೆಚ್ಚಗಿನ ನೀರಿಗೆ ಎರಡು ಹನಿ ಪಾತ್ರೆ ತೊಳೆಯುವ ದ್ರವ ಹಾಕಿ, ಮುಳುಗಿಸಿ ಹಿಡಿದು ಪ್ರತಿ ಅಲಗನ್ನು 20 ಸಲ ತೆರೆದು ಮುಚ್ಚಿ. ನೀರು ಬೂದುಬಣ್ಣಕ್ಕೆ ತಿರುಗುತ್ತದೆ. ನೀರು ತಿಳಿಯಾಗುವವರೆಗೆ ಮಾಡಿ, ಒರೆಸಿ, ಮೂರೂ ಅಲಗನ್ನು ಅರ್ಧ ತೆರೆದು ಫ್ಯಾನಿನಡಿ ಒಣಗಿಸಿ. ಒಣಗಿದ ಕೂಡಲೇ ಮುಚ್ಚಿಡಿ, ಏಕೆಂದರೆ ಅರ್ಧ ತೆರೆದ ಸ್ಥಿತಿಯಲ್ಲೇ ಸ್ಪ್ರಿಂಗ್ ಅತಿ ಹೆಚ್ಚು ಬಾಗಿರುತ್ತದೆ, ದಿನಗಟ್ಟಲೆ ಹಾಗಿಟ್ಟರೆ ಅದರ ಬಿಗಿ ಇಳಿಯಬಹುದು. ಮೂಳೆ ಹಿಡಿಯದನ್ನು ನೀರಿಗೆ ಹಾಕಲೇಬಾರದು. ಕೀಲಿಗೆ ಮಾತ್ರ ಡಬ್ಲ್ಯುಡಿ-40 ಚಿಮುಕಿಸಿ, ತೆರೆದು ಮುಚ್ಚಿ, ಹೊರಬಂದ ಕಪ್ಪನ್ನು ಹತ್ತಿಬಟ್ಟೆಯಿಂದ ಒರೆಸಿ.

ಆಮೇಲೆ ಎಣ್ಣೆ. ಔಷಧಿ ಅಂಗಡಿಯಲ್ಲಿ ಸಿಗುವ ಲಿಕ್ವಿಡ್ ಪ್ಯಾರಫಿನ್ ಸಾಕು. ಬಣ್ಣ, ವಾಸನೆ, ರುಚಿಯಿಲ್ಲ, ಹಣ್ಣು ಹೆಚ್ಚುವ ಅಲಗಿಗೂ ಹಚ್ಚಬಹುದು. ಬುಡಕ್ಕೂ ಲೈನರ್‌ಗೂ ನಡುವೆ ಎರಡೂ ಬದಿಗೆ ಒಂದೊಂದು ಹನಿ, ಬುಡ ಮತ್ತು ಸ್ಪ್ರಿಂಗ್ ಸೇರುವಲ್ಲಿ ಒಂದು ಹನಿ. ಅಡುಗೆಯ ಸೂರ್ಯಕಾಂತಿ ಎಣ್ಣೆ ಬೇಡ, ಕೆಲವೇ ವಾರಗಳಲ್ಲಿ ಅಂಟಾಗಿ ಧೂಳು ಹಿಡಿಯುತ್ತದೆ. ಕೊಬ್ಬರಿ ಎಣ್ಣೆ ಅಷ್ಟು ಬೇಗ ಅಂಟಾಗದು, ಆದರೆ ಸುಮಾರು 24 ಡಿಗ್ರಿಯ ಕೆಳಗೆ ಹೆಪ್ಪುಗಟ್ಟುತ್ತದೆ. ಡಿಸೆಂಬರ್‌ನ ಬೆಳಿಗ್ಗೆ ಕೀಲು ಬಿಗಿಯಾಯಿತೆಂದು ದೂರುವವರು ಹಾಕಿದ ಎಣ್ಣೆಯನ್ನು ಮೊದಲು ನೆನಪಿಸಿಕೊಳ್ಳಲಿ.

ಉಕ್ಕಿನ ಆಯ್ಕೆಯಲ್ಲೇ ಹೆಚ್ಚು ಜನ ತಡವರಿಸುವುದು. ಕೇಸ್ ಬಳಸುವ ಟ್ರೂ-ಶಾರ್ಪ್ ಸ್ಟೇನ್‌ಲೆಸ್ ಉಕ್ಕು ತುಕ್ಕನ್ನು ಚೆನ್ನಾಗಿ ತಡೆಯುತ್ತದೆ, ಆದರೆ ಮಸೆಯುವಾಗ ಅಂಚಿನ ಮೇಲೆ ಏಳುವ ಸಣ್ಣ ಅರಗು ಬೇಗ ಬಿಡುವುದಿಲ್ಲ, ಈ ಬದಿಯಿಂದ ಆ ಬದಿಗೆ ಮಗುಚುತ್ತಾ ಇರುತ್ತದೆ. ಸಿವಿ ಎಂದರೆ ಕ್ರೋಮ್ ಮತ್ತು ವನೇಡಿಯಂ ಸ್ವಲ್ಪ ಸೇರಿಸಿದ ಇಂಗಾಲದ ಉಕ್ಕು. ಹೆಸರಿನಲ್ಲಿ ಕ್ರೋಮ್ ಇದೆಯೆಂದು ಇದು ಸ್ಟೇನ್‌ಲೆಸ್ ಅಲ್ಲ. ನಾಲ್ಕಾರು ಎಳೆತಕ್ಕೆ ಅಂಚು ಏಳುತ್ತದೆ, ಅರಗು ಸಲೀಸಾಗಿ ಉದುರುತ್ತದೆ. ಎರಡೂ ತೀರಾ ಗಟ್ಟಿ ಉಕ್ಕುಗಳಲ್ಲ. ಇವತ್ತಿನ ಪುಡಿಲೋಹದ ಉಕ್ಕುಗಳ ಮುಂದೆ ಬೇಗ ಮೊಂಡಾಗುತ್ತವೆ, ಆದರೆ ಮನೆಯ ಸಾಣೆಕಲ್ಲಿನಲ್ಲಿ ಐದು ನಿಮಿಷಕ್ಕೆ ಹರಿತವಾಗುತ್ತವೆ. ತೆಳ್ಳಗಿನ ಅಲಗಿನ ಜೇಬುಚಾಕುವಿಗೆ ಬೇಕಾದ ಗುಣ ಇದೇ.

ಸಿವಿ ಅಲಗು ಬಣ್ಣ ಬದಲಿಸುತ್ತದೆ, ಬದಲಿಸಲು ಬಿಡಬೇಕು. ಮಾವು, ನಿಂಬೆ, ಹುಣಸೆ ಯಾವ ಹುಳಿ ತಾಗಿದರೂ ಅಲಗಿನ ಮೇಲೆ ನೀಲಿ ಮಿಶ್ರಿತ ಬೂದು ಪೊರೆ ಮೂಡುತ್ತದೆ. ಅದು ಕಬ್ಬಿಣದ ಗಟ್ಟಿ ಆಕ್ಸೈಡ್, ಕೆಂಪು ತುಕ್ಕಿನ ವೇಗವನ್ನು ತಗ್ಗಿಸುತ್ತದೆ, ಹಾಗಾಗಿ ಬೂದಿ ಹಾಕಿ ಉಜ್ಜಿ ತೆಗೆಯುವ ವಸ್ತುವಲ್ಲ. ಅಲಗು ಹೊಸದಾಗಿರುವಾಗ ಬಾಳೆಕಾಯಿ, ಎಳೆ ಅಡಕೆ ಕತ್ತರಿಸಿದರೆ ಚೊಗರಿನಿಂದ ಅಲಗೂ ಕಾಯೂ ಎರಡೂ ಕಪ್ಪಾಗುತ್ತವೆ, ಹಣ್ಣಿಗೆ ಕಬ್ಬಿಣದ ರುಚಿಯೂ ಹತ್ತಬಹುದು. ಪೊರೆ ನೆಲೆಗೊಂಡ ಮೇಲೆ ಇದು ಬಹಳ ಕಡಿಮೆ. ಬೇಗ ಪೊರೆ ಬರಿಸಬೇಕೆನ್ನುವವರು ಅಲಗನ್ನು ಸೋಪಿನಿಂದ ತೊಳೆದು, ಕೀಲಿಗೆ ತಾಗದಂತೆ ಬೆಚ್ಚಗಿನ ವಿನಿಗರ್‌ನಲ್ಲಿ 10 ನಿಮಿಷ ಇಳಿಬಿಟ್ಟು, ಅಡುಗೆಸೋಡ ಬೆರೆಸಿದ ನೀರಿನಲ್ಲಿ ತೊಳೆದು ಒರೆಸಲಿ. ಕೆಂಪು ಚುಕ್ಕೆ ಕಂಡರೆ ಮಾತ್ರ ಆ ದಿನವೇ ಎಣ್ಣೆ ಹಚ್ಚಿದ ಬಟ್ಟೆಯಿಂದ ತಿಕ್ಕಿ ತೆಗೆಯಿರಿ. ಬಿಟ್ಟರೆ ಉಕ್ಕಿನಲ್ಲಿ ಗುಳಿ ಬೀಳುತ್ತದೆ. ಮಲೆನಾಡಿನ ಮಳೆಗಾಲ, ಕರಾವಳಿಯ ಉಪ್ಪುಗಾಳಿ ಎರಡರಲ್ಲೂ ದಿನಕ್ಕೊಮ್ಮೆ ಒರೆಸುವ ತಾಳ್ಮೆಯಿಲ್ಲದವರಿಗೆ ಸ್ಟೇನ್‌ಲೆಸ್ 6318 ವಾಸಿ. ಬೆಂಗಳೂರು, ಮೈಸೂರು, ಬಯಲುಸೀಮೆಯ ಒಣಹವೆಯಲ್ಲಿ ಸಿವಿಗೆ ಹೆದರುವ ಕಾರಣವಿಲ್ಲ.

ಮಸೆಯುವ ಲೆಕ್ಕ ಸರಳ. ಬದಿಗೆ 15ರಿಂದ 17 ಡಿಗ್ರಿ ಕೋನ ಸಾಕು. ಕೋನ ಅಳೆಯುವ ಸಾಧನ ಬೇಕಿಲ್ಲ: ಅಲಗು ಬೆನ್ನಿಂದ ಅಂಚಿನವರೆಗೆ 11 ಮಿ.ಮೀ. ಅಗಲವಿದ್ದರೆ ಬೆನ್ನನ್ನು ಕಲ್ಲಿನಿಂದ 3 ಮಿ.ಮೀ. ಎತ್ತಿದಾಗ ಹತ್ತಿರಹತ್ತಿರ 16 ಡಿಗ್ರಿ ಬರುತ್ತದೆ. ಕೆಲವು ನಾಣ್ಯಗಳನ್ನು ಒಂದರ ಮೇಲೊಂದಿಟ್ಟು ಆ ಎತ್ತರವನ್ನು ಕಣ್ಣಿಗೆ ಪರಿಚಯ ಮಾಡಿಕೊಳ್ಳಿ. ಅಂಚಿಗೆ ಸ್ಕೆಚ್ ಪೆನ್ನಿನ ಕಪ್ಪು ಬಳಿದು ಎರಡು ಎಳೆತ ಎಳೆಯಿರಿ. ಕಪ್ಪು ಅಂಚಿನ ತುದಿಯಲ್ಲಿ ಉಳಿದರೆ ಬೆನ್ನು ತಗ್ಗಾಗಿದೆ, ಹಿಂಭಾಗದಲ್ಲಿ ಉಳಿದರೆ ಬೆನ್ನು ಹೆಚ್ಚು ಎತ್ತಿದ್ದೀರಿ. ಇನ್ನೊಂದು ಬದಿಯ ಉದ್ದಕ್ಕೂ ಅರಗು ಬೆರಳಿಗೆ ತಾಗುವವರೆಗೆ ಒಂದೇ ಬದಿಯನ್ನು ಎಳೆದು, ಆಮೇಲೆ ಬದಿ ಬದಲಿಸಿ. ಕೊನೆಗೆ ನಯವಾದ ಕಲ್ಲಿನ ಮೇಲೆ ಅಲಗಿನ ಸ್ವಂತ ಭಾರದಲ್ಲಷ್ಟೇ ನಾಲ್ಕೈದು ಎಳೆತ, ನಂತರ ಹಳೆಯ ಚರ್ಮದ ಬೆಲ್ಟಿನ ಒಳಮೈ ಮೇಲೆ ಬೆನ್ನು ಮುಂದಾಗಿ ಹತ್ತು ಹತ್ತು ಸಲ. ಮೊದಲು ಶೀಪ್‌ಫುಟ್‌ನಲ್ಲೇ ಕಲಿಯಿರಿ, ಅಂಚು ನೇರವಾದ್ದರಿಂದ ತಪ್ಪು ಕಡಿಮೆ. ಕ್ಲಿಪ್‌ನ ಮೊನೆ ಬರುವಾಗ ಹಿಡಿಯನ್ನು ಕೂದಲೆಳೆಯಷ್ಟು ಎತ್ತದಿದ್ದರೆ ಮೊನೆ ಮಸೆಯದೇ ಉಳಿಯುತ್ತದೆ, ಹೆಚ್ಚು ಎತ್ತಿದರೆ ಮೊನೆಯೇ ದುಂಡಾಗುತ್ತದೆ. ಬೀದಿಯ ಸಾಣೆ ಚಕ್ರಕ್ಕೆ ಮಾತ್ರ ಇದನ್ನು ಕೊಡಬೇಡಿ. ಇಷ್ಟು ತೆಳ್ಳಗಿನ ಉಕ್ಕು ನೀರಿಲ್ಲದ ಚಕ್ರದ ಮೇಲೆ ಕ್ಷಣದಲ್ಲಿ ಕಾದು ಅಂಚು ನೀಲಿಯಾಗುತ್ತದೆ, ಹದ ಹೋಗುತ್ತದೆ, ಬುಡದ ಹತ್ತಿರ ಒಳಬಾಗಿ ತಗ್ಗು ಬೀಳುತ್ತದೆ. ಹಳೆಯ ಚಾಕುಗಳಲ್ಲಿ ಆ ತಗ್ಗು ಕಂಡರೆ ಅದರ ಹಿಂದಿನ ಆಯುಷ್ಯ ಹೇಗಿತ್ತೆಂದು ಊಹಿಸಬಹುದು.

ಹಿಡಿಯ ವಿಷಯ. ಹಳದಿ ಬಣ್ಣ ಕೆಲವರಿಗೆ ಆಟಿಕೆಯಂತೆ ಕಾಣುತ್ತದೆ, ಆದರೆ ಅದಕ್ಕೆ ಕಾರಣವಿದೆ: ಹುಲ್ಲಿನಲ್ಲಿ, ಒಣಮೇವಿನಲ್ಲಿ, ತರಗೆಲೆಯಲ್ಲಿ ಬಿದ್ದರೆ ಕಣ್ಣಿಗೆ ಬೀಳಬೇಕು. ಸಿಂಥೆಟಿಕ್ ಹಿಡಿ ನೀರು ಕುಡಿಯುವುದಿಲ್ಲ, ಸೀಳುವುದಿಲ್ಲ, ಬೆವರಿಗೆ ಬಣ್ಣ ಬಿಡುವುದಿಲ್ಲ. ಮೂಳೆ ಬೇರೆಯೇ ಸೊಗಸು. ಕೇಸ್‌ನ ಹಿಡಿಗಳಿಗೆ ಬ್ರೆಜಿಲ್‌ನ ಜೆಬು ದನಗಳ ಕಾಲೆಲುಬು ಬರುತ್ತದೆ. ಬ್ರೆಜಿಲ್‌ನ ಜೆಬು ಎಂದರೆ ಇಲ್ಲಿಂದ ಹಡಗಿನಲ್ಲಿ ಹೋದ ಒಂಗೋಲು, ಗಿರ್, ಕಾಂಕ್ರೇಜ್ ತಳಿಗಳ ಸಂತಾನವೇ. ಮೂಳೆಯ ಮೇಲೆ ಯಂತ್ರದಿಂದ ಗುಳಿಗಳನ್ನು ಕೆತ್ತಿ ಬಣ್ಣ ಹಾಕುತ್ತಾರೆ, ಆ ಗುಳಿಗಳಿಂದ ಒದ್ದೆ ಕೈಗೂ ಹಿಡಿತ ಸಿಗುತ್ತದೆ, ವರ್ಷ ಕಳೆದಂತೆ ಉಬ್ಬುಗಳು ನುಣುಪಾಗಿ ಗುಳಿಗಳಲ್ಲಿ ಬಣ್ಣ ಗಾಢವಾಗಿ ಉಳಿಯುತ್ತದೆ. ಆದರೆ ಮೂಳೆ ಒಣಗಿದರೆ ಕುಗ್ಗುತ್ತದೆ, ರಿವೆಟ್ ಸುತ್ತ ಕೂದಲಿನಂಥ ಬಿರುಕು ಮೂಡುತ್ತದೆ, ಗಟ್ಟಿ ನೆಲಕ್ಕೆ ಬಿದ್ದರೆ ಚಕ್ಕೆ ಏಳುತ್ತದೆ. ಕಾರಿನ ಡ್ಯಾಶ್‌ಬೋರ್ಡಿನ ಬಿಸಿಲಿನಲ್ಲಿ ಬಿಡಬಾರದು. ದೇವರಿಗೆ ಇಡುವ ಹಣ್ಣು ಹೆಚ್ಚಲು ಮೂಳೆ ಹಿಡಿ ಬೇಡವೆನ್ನುವ ಮನೆಗಳು ನಮ್ಮಲ್ಲಿ ಬಹಳ. ಅಂಥವರು ವಿವರ ಓದದೆ ಅಂಬರ್ ಬಣ್ಣಕ್ಕೆ ಮರುಳಾಗಿ ತರಿಸಿ ಆಮೇಲೆ ಪೇಚಾಡುವುದಕ್ಕಿಂತ, ಮಾದರಿ ಸಂಖ್ಯೆಯ ಮೊದಲ ಅಂಕಿ ನೋಡಿದರೆ ಸಾಕು. ಹಿಡಿಯ ಎರಡೂ ಕೊನೆಯ ಬಿಳಿ ಲೋಹದ ಕಟ್ಟು, ಅಂದರೆ ಬೋಲ್ಸ್ಟರ್ ಮಾತ್ರ ಎರಡರಲ್ಲೂ ಒಂದೇ: ನಿಕ್ಕಲ್ ಸಿಲ್ವರ್, ನಮ್ಮ ಪಾತ್ರೆ ಅಂಗಡಿಗಳ ಜರ್ಮನ್ ಸಿಲ್ವರ್, ಬೆಳ್ಳಿಯ ಅಂಶವಿಲ್ಲ.

ಸಂಗ್ರಹಕ್ಕೆ ಕೇಸ್‌ನಷ್ಟು ಅನುಕೂಲದ ಹೆಸರು ಇನ್ನೊಂದಿಲ್ಲ, ಏಕೆಂದರೆ ಇದರ ವಯಸ್ಸು ಅಲಗಿನ ಬುಡದಲ್ಲೇ ಬರೆದಿರುತ್ತದೆ. 1889ರಲ್ಲಿ ನ್ಯೂಯಾರ್ಕ್ ರಾಜ್ಯದ ಲಿಟಲ್ ವ್ಯಾಲಿಯಲ್ಲಿ ಕೇಸ್ ಸೋದರರು ಶುರು ಮಾಡಿದ ವ್ಯಾಪಾರದ ಮುಂದುವರಿಕೆ 1905ರಲ್ಲಿ ಬ್ರಾಡ್‌ಫರ್ಡ್‌ಗೆ ಬಂತು. 1993ರಿಂದ ಅದೇ ಊರಿನ ಜಿಪ್ಪೋ ಲೈಟರ್ ಕಂಪನಿಯ ಒಡೆತನದಲ್ಲಿದೆ. 1940ರಿಂದ 1964ರವರೆಗಿನ ಮುದ್ರೆ ಬರೀ ‘ಕೇಸ್ ಎಕ್ಸ್ಎಕ್ಸ್’. 1965ರಿಂದ 1969ರವರೆಗೆ ಅದರ ಜೊತೆ ಯು.ಎಸ್.ಎ. ಸೇರಿತು. 1970ರಲ್ಲಿ ಮುದ್ರೆಯ ಕೆಳಗೆ 10 ಚುಕ್ಕೆ ಹಾಕಿ ವರ್ಷಕ್ಕೊಂದರಂತೆ ತೆಗೆಯುತ್ತಾ ಹೋದರು, 1979ರ ಚಾಕುವಿಗೆ ಒಂದೇ ಚುಕ್ಕೆ. 1980ರಲ್ಲಿ ಇಂಗ್ಲಿಷಿನ ಎಸ್ ಅಕ್ಷರವನ್ನು ಮಿಂಚಿನಂತೆ ಮುರಿದು ಬರೆದು ಎಣಿಕೆಯನ್ನು ಮತ್ತೆ 10ರಿಂದ ಶುರುಮಾಡಿದರು. ಆ ಹತ್ತು ವರ್ಷದ ಹತ್ತು ಚುಕ್ಕೆಯ ಸಾಲನ್ನು ಒಂದೇ ಮಾದರಿಯಲ್ಲಿ ಪೂರ್ತಿಮಾಡುವುದು ಹೊಸ ಸಂಗ್ರಾಹಕನಿಗೆ ಕೈಗೆಟುಕುವ ಒಳ್ಳೆಯ ಗುರಿ. 6318 ಅದಕ್ಕೆ ತಕ್ಕ ಮಾದರಿ, ಬಹುಕಾಲ ತಯಾರಾದದ್ದರಿಂದ ಹುಡುಕಿದರೆ ಸಿಗುತ್ತದೆ.

ಹಳೆಯದನ್ನು ಕೊಳ್ಳುವಾಗ ಅಲಗಿನ ಅಗಲವನ್ನೇ ಮೊದಲು ನೋಡಿ. ಮಸೆದು ಮಸೆದು ಸವೆದ ಕ್ಲಿಪ್ ಮುಚ್ಚಿದಾಗ ಹಿಡಿಯೊಳಗೆ ತೀರಾ ಆಳಕ್ಕೆ ಇಳಿಯುತ್ತದೆ. ಮುದ್ರೆಯ ಅಕ್ಷರಗಳ ಅಂಚು ಮಸುಕಾಗಿದ್ದು ಅಲಗು ಮಾತ್ರ ಕನ್ನಡಿಯಂತಿದ್ದರೆ ಅದನ್ನು ಬಫ್ ಮಾಡಿದ್ದಾರೆ, ಅಂದರೆ ಉಜ್ಜಿ ಹೊಳಪು ತಂದಿದ್ದಾರೆ, ಸಂಗ್ರಾಹಕನಿಗೆ ಅದರ ಬೆಲೆ ಅರ್ಧಕ್ಕರ್ಧ ಇಳಿದಂತೆ. ಮೂರು ಅಲಗುಗಳ ಬಣ್ಣ, ಸವೆತ ಒಂದಕ್ಕೊಂದು ಹೊಂದದಿದ್ದರೆ ಒಂದನ್ನು ಬದಲಿಸಿರುವ ಸಂಶಯ. ಬೋಲ್ಸ್ಟರ್ ಮೇಲೆ ಕೀಲಿನ ಮೊಳೆಯ ಸುತ್ತ ಉಂಗುರದಂತೆ ಗೆರೆ ಕಂಡರೆ ಚಾಕುವನ್ನು ಬಿಚ್ಚಿ ಜೋಡಿಸಿದ್ದಾರೆ. ಇನ್ನೊಂದು ಮುಖ್ಯ ಎಚ್ಚರಿಕೆ ಸೆಲ್ಯುಲಾಯ್ಡ್ ಎಂಬ ಹಳೆಯ ಬಗೆಯ ಪ್ಲಾಸ್ಟಿಕ್ ಹಿಡಿಗಳದ್ದು. ಅವು ವಯಸ್ಸಾದಂತೆ ಕರಗಿ ಹೊಗೆಯಾಡುತ್ತವೆ, ಆ ಆಮ್ಲದ ಆವಿಯಿಂದ ಪಕ್ಕದಲ್ಲಿಟ್ಟ ಒಳ್ಳೆಯ ಚಾಕುಗಳೂ ತುಕ್ಕು ಹಿಡಿಯುತ್ತವೆ. ಬೇರೆ ಪೆಟ್ಟಿಗೆಯಲ್ಲಿ, ಗಾಳಿಯಾಡುವಲ್ಲಿಡಿ. ಚರ್ಮದ ಚೀಲದಲ್ಲಿಯೂ ದೀರ್ಘಕಾಲ ಇಡಬಾರದು: ಚರ್ಮ ಹದಮಾಡಿದ ರಾಸಾಯನಿಕ ಮತ್ತು ತೇವ ಸೇರಿ ಹಿತ್ತಾಳೆ ಲೈನರ್‌ಗೆ ಹಸಿರು ಕಿಲುಬು ಹಿಡಿಯುತ್ತದೆ. ಹತ್ತಿಬಟ್ಟೆಯಲ್ಲಿ ಸುತ್ತಿ, ಒಂದು ಪೊಟ್ಟಣ ಸಿಲಿಕಾ ಜೆಲ್ ಜೊತೆ ಇಟ್ಟರೆ ಮಳೆಗಾಲ ದಾಟುತ್ತದೆ. ಮತ್ತೆ, ಬಳಸದ ಹಳೆಯ ಚಾಕುವನ್ನು ಹರಿತ ಮಾಡಿ ನೋಡುವ ಆಸೆ ಬೇಡ. ಕಲ್ಲಿಗೆ ತಾಗಿದ ಕ್ಷಣದಿಂದ ಅದು ಬಳಸಿದ ಚಾಕು.

ಜೇಬಿನಲ್ಲಿ ಇದು ಸುಖವಾಗಿ ಕೂರುತ್ತದೆ. ಕೊನೆಗಳು ದುಂಡಗಿವೆ, ಮೈ ಸ್ವಲ್ಪ ಬಾಗಿದೆ, ತೊಡೆಗೆ ಚುಚ್ಚುವುದಿಲ್ಲ. ಬೀಗದಕೈ, ಚಿಲ್ಲರೆ ಇರುವ ಜೇಬಿನಲ್ಲಿ ಹಾಕಬೇಡಿ, ಬೋಲ್ಸ್ಟರ್ ಗೀರಾಗುವುದಕ್ಕಿಂತ ಹೆಚ್ಚಾಗಿ ಬೀಗದಕೈ ಅಲಗನ್ನು ಎತ್ತುವ ಅಪಾಯವಿದೆ. ವಾರಕ್ಕೊಮ್ಮೆ ಮೂರೂ ಅಲಗು ತೆರೆದು ಒಳಗಿನ ನೂಲುಹೊಟ್ಟನ್ನು ಹಲ್ಲುಕಡ್ಡಿಯಿಂದ ತೆಗೆಯಿರಿ. ಬೆವರು ಹೀರಿದ ಹೊಟ್ಟೇ ಬೇಸಿಗೆಯಲ್ಲಿ ಸ್ಪ್ರಿಂಗ್ ತುಕ್ಕಿಗೆ ಮೊದಲ ಕಾರಣ. ಕೆಲಸದಲ್ಲಿ ಒಂದು ಸಲಕ್ಕೆ ಒಂದೇ ಅಲಗು ತೆರೆದಿರಲಿ. ಬೀಗವಿಲ್ಲದ್ದರಿಂದ ಮೊನೆಯಿಂದ ಚುಚ್ಚಿ ಒತ್ತುವ ಕೆಲಸಕ್ಕೆ ಇದು ಸಲ್ಲದು: ಅಲಗು ಮಡಚಿ ಬೆರಳ ಮೇಲೆ ಬೀಳುತ್ತದೆ. ಕ್ಲಿಪ್‌ನ ಮೊನೆಯಿಂದ ಡಬ್ಬಿಯ ಮುಚ್ಚಳ ಮೀಟಿದರೆ ಒಂದೆರಡು ಮಿ.ಮೀ. ಖಂಡಿತ ಮುರಿಯುತ್ತದೆ.

ಕಾನೂನಿನ ಮಟ್ಟಿಗೆ, ಭಾರತದ ಶಸ್ತ್ರಾಸ್ತ್ರ ನಿಯಮಗಳು ಆಯುಧದ ಪಟ್ಟಿಗೆ ಸೇರಿಸುವುದು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗನ್ನು. ಇದು ಅದರ ಹತ್ತಿರಕ್ಕೂ ಬರುವುದಿಲ್ಲ. ಆದರೆ ನ್ಯಾಯಾಲಯ, ಮಾಲ್, ಕಚೇರಿಗಳ ತಪಾಸಣೆಯಲ್ಲಿ ಆ ವಾದ ನಡೆಯದು, ಮನೆಯಲ್ಲೇ ಬಿಟ್ಟು ಹೊರಡಿ. ವಿಮಾನದ ಕೈಚೀಲದಲ್ಲಿ ನಿಷಿದ್ಧ, ಚೆಕ್-ಇನ್ ಲಗೇಜಿನಲ್ಲಿ ಹೋಗಬಹುದು. ಬ್ರಿಟನ್‌ನಲ್ಲಿರುವ ಕನ್ನಡಿಗರಿಗೆ ಈ ಚಾಕು ಇನ್ನೊಂದು ಕಾರಣಕ್ಕೆ ಅನುಕೂಲ: ಅಲ್ಲಿ ಮಡಚುವ, ಬೀಗವಿಲ್ಲದ, ಹರಿತ ಅಂಚು 3 ಇಂಚು ಮೀರದ ಜೇಬುಚಾಕುವನ್ನು ಸಾರ್ವಜನಿಕವಾಗಿ ಒಯ್ಯಲು ಕಾರಣ ಕೊಡಬೇಕಿಲ್ಲ, ಇದರ ದೊಡ್ಡ ಅಲಗೂ ಆ ಮಿತಿಯೊಳಗಿದೆ. ಅಮೆರಿಕದಲ್ಲಿ ರಾಜ್ಯಕ್ಕೊಂದು, ಕೆಲವೆಡೆ ಊರಿಗೊಂದು ನಿಯಮ.

ಇದೇ ಕೆಲಸಕ್ಕೆ ಬೇರೆ ಆಯ್ಕೆಗಳು ಇಲ್ಲದಿಲ್ಲ. ಬಕ್ ಕಂಪನಿ ಐಡಾಹೊದಲ್ಲಿ ಮಾಡುವ 301 ಸ್ಟಾಕ್‌ಮನ್ ತುಸು ಉದ್ದ, 3 7/8 ಇಂಚು. ಅದರ 420ಎಚ್‌ಸಿ ಉಕ್ಕಿನ ಹದ ಬಹಳ ಚೆನ್ನ, ಅಂಚು ಹೆಚ್ಚು ಕಾಲ ನಿಲ್ಲುತ್ತದೆ, ಆದರೆ ಕೈಗೆ ದಪ್ಪ. ಪೆನ್ಸಿಲ್ವೇನಿಯಾದ ಟೈಟಸ್‌ವಿಲ್ ಊರಿನ ಗ್ರೇಟ್ ಈಸ್ಟರ್ನ್ ಕಟ್ಲರಿ ಕಂಪನಿ 2006ರಲ್ಲಿ ಶುರುವಾದದ್ದು, 1095 ಇಂಗಾಲದ ಉಕ್ಕು, ಜೋಡಣೆಯಲ್ಲಿ ಕೇಸ್‌ಗಿಂತ ಒಂದು ಕೈ ಮೇಲು. ಆದರೆ ಸಣ್ಣ ಸಣ್ಣ ಕಂತುಗಳಲ್ಲಿ ತಯಾರಾಗಿ ಬೇಗ ಮುಗಿದುಹೋಗುತ್ತವೆ, ಬೆಲೆಯೂ ಬಹಳ ಹೆಚ್ಚು, ಕೆಲವುಗಳ ಎಳೆತ ಉಗುರಿಗೆ ಭಾರ. ಚೀನಾದಲ್ಲಿ ತಯಾರಾಗುವ ರಫ್ ರೈಡರ್ ಕೇಸ್‌ನ ಬೆಲೆಯ ಸಣ್ಣ ಪಾಲಿಗೆ ಸಿಗುತ್ತದೆ, ಈ ಮಾದರಿ ತನಗೆ ಒಗ್ಗುತ್ತದೆಯೇ ಎಂದು ತಿಳಿಯಲು ಅದನ್ನೇ ಮೊದಲು ಕೊಂಡರೆ ತಪ್ಪಿಲ್ಲ. ಭಾರತದ ಅಂಗಡಿಗಳಲ್ಲಿ ಸುಲಭವಾಗಿ ಸಿಗುವುದು ಸ್ವಿಟ್ಜರ್ಲೆಂಡಿನ ವಿಕ್ಟೋರಿನಾಕ್ಸ್. ಅದರ 93 ಮಿ.ಮೀ. ಉದ್ದದ, ಅಲ್ಯುಮಿನಿಯಂ ಹಿಡಿಯ ಪಯನಿಯರ್ ಗಟ್ಟಿಮುಟ್ಟು, ತುಕ್ಕಿನ ಚಿಂತೆಯಿಲ್ಲ, ಕೀಲಿನ ಬಿಗಿ ಒಂದರಂತೆ ಇನ್ನೊಂದು. ಆದರೆ ಅದರಲ್ಲಿ ಕತ್ತರಿಸುವ ಅಲಗು ಒಂದೇ, ಉಳಿದವು ಡಬ್ಬಿ ತೆರೆಯುವ, ತಿರುಪು ತಿರುಗಿಸುವ, ತೂತು ಕೊರೆಯುವ ಸಾಧನಗಳು. ಸ್ಕ್ರೂಡ್ರೈವರ್ ಬೇಕಾದವರು ಅದನ್ನು ಕೊಳ್ಳಲಿ. ಕತ್ತರಿಸುವುದೇ ಕೆಲಸವಾದವರಿಗೆ ಸ್ಟಾಕ್‌ಮನ್.

ಅಮೆರಿಕದಿಂದ ಬರುವ ನೆಂಟರ ಕೈಲಿ ತರಿಸುವುದಾದರೆ ಒಂದು ಕೆಲಸ ಅವರಿಗೇ ಒಪ್ಪಿಸಿ. ಕೇಸ್ ಕೊಡುವ ಜೀವಿತಾವಧಿಯ ವಾರಂಟಿ ತಯಾರಿಕೆಯ ದೋಷಗಳಿಗಷ್ಟೇ. ಚಾಕು ಇಲ್ಲಿಗೆ ಬಂದ ಮೇಲೆ ಅದನ್ನು ಬ್ರಾಡ್‌ಫರ್ಡ್‌ಗೆ ವಾಪಸು ಕಳಿಸುವ ಖರ್ಚು, ತೊಂದರೆ ಎರಡೂ ದೊಡ್ಡದು. ಹಾಗಾಗಿ ಹೊರಡುವ ಎರಡು ವಾರ ಮೊದಲೇ ತರಿಸಿಕೊಂಡು, ಬೆಳಕಿಗೆ ಹಿಡಿದು ಬೆನ್ನಿನ ಸಂದಿ, ಮೂರೂ ಅಲಗುಗಳ ಅಲುಗಾಟ, ಮುಚ್ಚುವಾಗ ಒಂದಕ್ಕೊಂದು ಗೀರುತ್ತದೆಯೇ ಎಂಬುದನ್ನು ಅಲ್ಲೇ ನೋಡಿ, ಬೇಕಾದರೆ ಅಂಗಡಿಯಲ್ಲೇ ಬದಲಿಸಿ, ಆಮೇಲೆ ಚೆಕ್-ಇನ್ ಪೆಟ್ಟಿಗೆಗೆ ಹಾಕಲಿ.